ಚಿತ್ರಶಾಲೆಯ ನವೀಕರಣ ಮತ್ತು ಬೀದಿಯ ಚಹರೆ: ಕಸ್ತೂರಬಾ ರಸ್ತೆಯಿಂದ ಸುರತ್ಕಲ್‌ವರೆಗೆ

ಪೀಠಿಕೆ

ಕಲಾಕೃತಿಗಳನ್ನು ಕುರಿತ ವಿಮರ್ಶೆ ಕನ್ನಡದಲ್ಲಿ ಕಳೆದ ಕೆಲವು ದಶಕಗಳಿಂದ ಗಮನಾರ್ಹವಾಗಿ ಬೆಳೆದಿದೆ. ಕೃತಿಗಳನ್ನು ಇರಿಸಿದ ಕಟ್ಟಡಗಳ ಬಗೆಗಿನ ಚಿಂತನೆ ಅದಕ್ಕೆ ಹೋಲಿಸಿದರೆ ತೆಳುವಾಗಿದೆ. ಆ ಕಟ್ಟಡಗಳು ತಾವು ನಿಂತ ಬೀದಿಯೊಡನೆ ಇರಿಸಿಕೊಂಡ ಸಂಬಂಧವನ್ನು ಕುರಿತು ಬರೆದದ್ದು ಇನ್ನೂ ಕಡಿಮೆ. ಚಿತ್ರಶಾಲೆಯೊಂದು ನವೀಕರಣಗೊಂಡಾಗ ಪತ್ರಿಕೆಗಳು ಹೊಸ ದೀಪವ್ಯವಸ್ಥೆ, ಗೋಡೆಯ ಬಣ್ಣ, ಹವಾನಿಯಂತ್ರಣ, ವೆಚ್ಚಗಳನ್ನು ವರದಿ ಮಾಡುತ್ತವೆ. ಆ ನವೀಕರಣದಿಂದ ಹೊರಗಿನ ಪಾದಚಾರಿ ಮಾರ್ಗ, ಮರದ ನೆರಳು, ಎದುರುಬದಿಯ ಕಟ್ಟಡ, ಬಾಗಿಲಿನ ಮುಂದೆ ನಿಲ್ಲುವ ಜನ ಇವೆಲ್ಲ ಏನಾದವು ಎಂಬ ಪ್ರಶ್ನೆ ವರದಿಯ ಆಚೆಗೇ ಉಳಿಯುತ್ತದೆ.

ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನು ಕರ್ನಾಟಕದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ. ಬೆಂಗಳೂರಿನ ಮಾಣಿಕ್ಯವೇಲು ಭವನ, ವೆಂಕಟಪ್ಪ ಚಿತ್ರಶಾಲೆ ಮತ್ತು ಚಿತ್ರಕಲಾ ಪರಿಷತ್ತು ಇಲ್ಲಿಯ ಮುಖ್ಯ ಆಕರಗಳು. ಅವುಗಳಿಂದ ದೊರೆತ ತೀರ್ಮಾನಗಳನ್ನು ಮಂಗಳೂರು ಹಾಗೂ ಸುರತ್ಕಲ್ಲಿನ ಸಂದರ್ಭಕ್ಕೆ ಹಚ್ಚಿ ನೋಡುವುದು ಪ್ರಬಂಧದ ಎರಡನೆಯ ಉದ್ದೇಶ. ಚಿತ್ರಶಾಲೆಯ ನವೀಕರಣ ಬೀದಿಯ ಮೇಲೆ ಮಾಡುವ ಪರಿಣಾಮವು ಕಟ್ಟಡದ ಅಂದಕ್ಕಿಂತ ಹೆಚ್ಚಾಗಿ ಅದರ ಅಂಚನ್ನು ಅವಲಂಬಿಸಿದೆ ಎಂಬುದು ಇಲ್ಲಿಯ ಪ್ರತಿಪಾದನೆ. ಆ ಅಂಚನ್ನು ಯಾರು, ಯಾರನ್ನು ಕೇಳಿ ನಿರ್ಧರಿಸಿದರು ಎಂಬುದೂ ಅಷ್ಟೇ ಮುಖ್ಯ.

ಅಂಚು, ಜಗಲಿ, ಚಾವಡಿ

ಕಟ್ಟಡ ಮತ್ತು ಬೀದಿ ಸಂಧಿಸುವ ಜಾಗಕ್ಕೆ ನಮ್ಮ ಪರಂಪರೆಯಲ್ಲಿ ಒಂದು ಸ್ಪಷ್ಟ ರೂಪವಿತ್ತು. ಬಯಲುಸೀಮೆಯ ಮನೆಗಳ ಜಗಲಿ ಮನೆಯವರಿಗೆ ಸೇರಿದ್ದರೂ ದಾರಿಹೋಕನು ಕೇಳದೆಯೇ ಕುಳಿತುಕೊಳ್ಳಬಹುದಾದ ಸ್ಥಳ. ಕರಾವಳಿಯ ಗುತ್ತಿನ ಮನೆಗಳಲ್ಲಿ ಅಂಗಳ ಮತ್ತು ಚಾವಡಿ ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತಿದ್ದವು. ನ್ಯಾಯ ತೀರ್ಮಾನ, ನೇಮದ ಸಿದ್ಧತೆ, ಒಕ್ಕಲುಗಳ ಮಾತುಕತೆ ನಡೆಯುತ್ತಿದ್ದುದು ಚಾವಡಿಯಲ್ಲಿ. ಇದರರ್ಥ ಜಗಲಿಯಾಗಲಿ ಚಾವಡಿಯಾಗಲಿ ಎಲ್ಲರಿಗೂ ಸಮಾನವಾಗಿ ತೆರೆದಿತ್ತು ಎಂದಲ್ಲ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಜಾತಿ ಮತ್ತು ಅಂತಸ್ತು ಕಟ್ಟುನಿಟ್ಟಾಗಿ ನಿರ್ಧರಿಸುತ್ತಿದ್ದವು. ಆದ್ದರಿಂದಲೇ ಪ್ರಜಾಪ್ರಭುತ್ವದ ಕಾಲದ ಸಾರ್ವಜನಿಕ ಕಟ್ಟಡವು ಹಳೆಯ ಅಂಚಿನ ಆತ್ಮೀಯತೆಯನ್ನು ಉಳಿಸಿಕೊಂಡು ಅದರ ಭೇದವನ್ನು ಕಳಚಬೇಕಾಗಿತ್ತು. ನಡೆದದ್ದು ಬೇರೆ. ಜಗಲಿಯ ಜಾಗವನ್ನು ಎತ್ತರದ ಆವರಣ ಗೋಡೆ, ಗೇಟು ಮತ್ತು ಕಾವಲುಗಾರನ ಗೂಡು ಆಕ್ರಮಿಸಿಕೊಂಡವು.

ಅಮೆರಿಕದ ನಗರಚಿಂತಕಿ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಬೀದಿಯ ಸುರಕ್ಷತೆ ಅದರತ್ತ ಮುಖ ಮಾಡಿದ ಕಿಟಕಿ, ಬಾಗಿಲು, ಅಂಗಡಿಗಳನ್ನು ಅವಲಂಬಿಸಿದೆ ಎಂದು ವಾದಿಸಿದರು. ಬೀದಿಗೆ ಬೆನ್ನು ತಿರುಗಿಸಿದ ಉದ್ದನೆಯ ಗೋಡೆಯ ಪಕ್ಕದಲ್ಲಿ ನಡೆಯಲು ಜನ ಹಿಂಜರಿಯುತ್ತಾರೆ. ಜನವಿಲ್ಲದ ಕಡೆ ಬೀದಿ ವಾಹನಗಳ ವಶವಾಗುತ್ತದೆ. ಚಿತ್ರಶಾಲೆಗಳ ಮಟ್ಟಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಚಿತ್ರಗಳಿಗೆ ಬಿಸಿಲು, ತೇವ, ಧೂಳು ಆಗುವುದಿಲ್ಲವಾದ್ದರಿಂದ ಈ ಕಟ್ಟಡಗಳು ಸ್ವಭಾವತಃ ಒಳಮುಖವಾದವು. ಈ ಒಳಮುಖತೆಯನ್ನು ಅಂಚಿನಲ್ಲಿ ಸರಿದೂಗಿಸದಿದ್ದರೆ ಚಿತ್ರಶಾಲೆ ಬೀದಿಗೆ ಒಂದು ಉಗ್ರಾಣದಂತೆ ಕಾಣುತ್ತದೆ.

ಜಗತ್ತಿನ ಎರಡು ಪ್ರಸಿದ್ಧ ಉದಾಹರಣೆಗಳನ್ನು ಇಲ್ಲಿ ನೆನೆಯಬಹುದು. ಸ್ಪೇನಿನ ಬಿಲ್ಬಾವೊ ನಗರದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ಸಂಗ್ರಹಾಲಯವು ಕೈಗಾರಿಕೆ ಸೊರಗಿದ್ದ ನದೀತೀರದ ಚಹರೆಯನ್ನೇ ಬದಲಿಸಿತು. ಅಂದಿನಿಂದ ಆಕರ್ಷಕ ಕಟ್ಟಡವೊಂದು ಊರನ್ನು ಉದ್ಧರಿಸಬಲ್ಲದೆಂಬ ನಂಬಿಕೆ ಆಡಳಿತಗಾರರಲ್ಲಿ ಹರಡಿತು. ಲಂಡನ್ನಿನಲ್ಲಿ 1981ರಲ್ಲಿ ಮುಚ್ಚಿದ್ದ ಬ್ಯಾಂಕ್‌ಸೈಡ್ ವಿದ್ಯುದಾಗಾರವನ್ನು 2000ದಲ್ಲಿ ಟೇಟ್ ಮಾಡರ್ನ್ ಆಗಿ ಪರಿವರ್ತಿಸಿದಾಗ ಅನುಸರಿಸಿದ ದಾರಿ ಭಿನ್ನ. ಹಳೆಯ ಯಂತ್ರಶಾಲೆಯ ವಿಶಾಲ ಹಜಾರವನ್ನು ಜನರು ಹಣ ಕೊಡದೆ ಹಾದುಹೋಗಬಹುದಾದ ಒಳಬೀದಿಯಾಗಿ ಬಿಡಲಾಯಿತು. ಅದೇ ವರ್ಷ ನದಿಗೆ ಅಡ್ಡಲಾಗಿ ಕಾಲುಸೇತುವೆ ಬಂತು. ಮೊದಲನೆಯದು ನೋಡುವ ವಸ್ತುವಾದರೆ ಎರಡನೆಯದು ನಡೆಯುವ ದಾರಿಯೂ ಹೌದು. ನಮ್ಮ ನವೀಕರಣಗಳನ್ನು ಅಳೆಯಲು ಈ ಭೇದ ಉಪಯುಕ್ತವಾಗಿದೆ.

ಮಾಣಿಕ್ಯವೇಲು ಭವನ: ಉಳಿದ ತೋಟ, ಉಳಿದ ಗೋಡೆ

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಭವನವು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ 2009ರ ಫೆಬ್ರವರಿಯಲ್ಲಿ ತೆರೆಯಿತು. ದೆಹಲಿ ಮತ್ತು ಮುಂಬಯಿಗಳ ಅನಂತರ ಈ ಸಂಸ್ಥೆಯ ಮೂರನೆಯ ನೆಲೆ ಇದು. ಸುಮಾರು ಮೂರೂವರೆ ಎಕರೆಯ ಆವರಣದಲ್ಲಿರುವ ಶ್ರೀಮಂತ ಮನೆಯೊಂದನ್ನು ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ಮಾರ್ಗದರ್ಶನದಲ್ಲಿ ಚಿತ್ರಶಾಲೆಯಾಗಿ ರೂಪಿಸಲಾಯಿತು. ಹಳೆಯ ಮನೆಯನ್ನು ಉಳಿಸಿಕೊಂಡು, ಅದರ ಹಿರಿಮೆಗೆ ಅಡ್ಡಬಾರದಂತೆ ಹೊಸ ಪ್ರದರ್ಶನ ವಿಭಾಗವನ್ನು ಸೇರಿಸಿದ್ದು ಈ ಕೆಲಸದ ವಿಶೇಷ. ಆವರಣದ ದೊಡ್ಡ ಮರಗಳು ಉಳಿದವು.

ಬೀದಿಯ ದೃಷ್ಟಿಯಿಂದ ಈ ನವೀಕರಣದ ಮೊದಲ ಲಾಭ ತಡೆಗಟ್ಟುವಿಕೆಯದು. ನಗರದ ಈ ಭಾಗದಲ್ಲಿ ತೋಟದ ನಡುವಿನ ಹಳೆಯ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿದ ಕಾಲದಲ್ಲಿ ಒಂದು ಇಡೀ ಆವರಣ ತನ್ನ ಪ್ರಮಾಣ ಮತ್ತು ಹಸಿರಿನೊಡನೆ ಉಳಿಯಿತು. ಬೀದಿಯ ಮೇಲೆ ಬೀಳುವ ನೆರಳು, ಮಳೆನೀರು ಇಂಗುವ ನೆಲ, ಕಣ್ಣಿಗೆ ಸಿಗುವ ಆಕಾಶ ಇವು ಲೆಕ್ಕಕ್ಕೆ ಸಿಗದ ಸಾರ್ವಜನಿಕ ಸಂಪತ್ತು.

ಆದರೆ ಅಂಚು ಮನೆಯ ಕಾಲದಲ್ಲಿ ಇದ್ದ ಹಾಗೆಯೇ ಉಳಿಯಿತು. ಒಳಗೆ ಹೋದವರಿಗೆ ಅಂಗಳ, ಮರ, ಕೊಳ, ಉಪಾಹಾರದ ಜಾಗ ದೊರೆಯುತ್ತವೆ. ಹೊರಗೆ ನಡೆಯುವವರಿಗೆ ದೊರೆಯುವುದು ಗೋಡೆ ಮತ್ತು ವಾಹನಗಳ ಸದ್ದು. ಖಾಸಗಿ ಮನೆಗೆ ಗೋಡೆ ಸಹಜ. ಮನೆ ರಾಷ್ಟ್ರದ ಸಂಗ್ರಹಾಲಯವಾದ ಮೇಲೂ ಅದೇ ಗೋಡೆ ಅದೇ ಅರ್ಥದಲ್ಲಿ ನಿಂತಿರುವುದು ವಿಮರ್ಶೆಗೆ ಯೋಗ್ಯವಾದ ಸಂಗತಿ. ಒಡೆತನ ಬದಲಾಯಿತು, ಉಪಯೋಗ ಬದಲಾಯಿತು. ಬೀದಿಯೊಡನೆ ಮಾತನಾಡುವ ಧಾಟಿ ಬದಲಾಗಲಿಲ್ಲ.

ಕಸ್ತೂರಬಾ ರಸ್ತೆ: ಒಂದು ಬೀದಿ, ಎರಡು ಮಾದರಿ

ಕಸ್ತೂರಬಾ ರಸ್ತೆಯ ನಿದರ್ಶನ ಹೆಚ್ಚು ಸಂಕೀರ್ಣವಾದದ್ದು. ಕಬ್ಬನ್ ಉದ್ಯಾನದ ಬದಿಯ ಈ ರಸ್ತೆಯಲ್ಲಿ 1877ರ ಸರ್ಕಾರಿ ವಸ್ತುಸಂಗ್ರಹಾಲಯ, 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, 1970ರ ದಶಕದ ವೆಂಕಟಪ್ಪ ಚಿತ್ರಶಾಲೆ ಸಾಲಾಗಿ ನಿಂತಿವೆ. ಶಾಲಾಮಕ್ಕಳ ಪ್ರವಾಸ, ಉದ್ಯಾನದ ವಿಹಾರ, ರಜಾದಿನದ ಕುಟುಂಬಗಳು ಇವುಗಳಿಂದಾಗಿ ಈ ರಸ್ತೆಗೆ ಜನಸಾಮಾನ್ಯರ ಜ್ಞಾನಬೀದಿಯ ಲಕ್ಷಣವಿತ್ತು.

ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಮೈಸೂರು ಅರಮನೆಯ ಆಶ್ರಯದಲ್ಲಿ ದುಡಿದು, ಊಟಿ ಮತ್ತು ಕೊಡೈಕನಾಲಿನ ಜಲವರ್ಣ ದೃಶ್ಯಗಳಿಂದಲೂ ಗಚ್ಚಿನ ಉಬ್ಬುಶಿಲ್ಪಗಳಿಂದಲೂ ಹೆಸರಾದವರು. 1965ರಲ್ಲಿ ಅವರು ತೀರಿಕೊಂಡ ಮೇಲೆ ಅವರ ನೆನಪಿಗಾಗಿ ರೂಪುಗೊಂಡ ಈ ಚಿತ್ರಶಾಲೆಗೆ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ತಮ್ಮ ಕೃತಿಗಳನ್ನು ಕೊಡುಗೆಯಾಗಿ ನೀಡಿದರು. ಕರಾವಳಿಯ ಒಬ್ಬ ಹಿರಿಯ ಕಲಾವಿದನನ್ನು ಕನ್ನಡ ನಾಡಿನ ಜನ ಸಾರ್ವಜನಿಕವಾಗಿ ಕಾಣಬಲ್ಲ ಮುಖ್ಯ ಸ್ಥಳಗಳಲ್ಲಿ ಇದೂ ಒಂದು. ಶಾಶ್ವತ ಸಂಗ್ರಹದ ಜೊತೆಗೆ ಇಲ್ಲಿ ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಪ್ರದರ್ಶನಾಂಗಣಗಳಿದ್ದವು. ಜಿಲ್ಲೆಗಳಿಂದ ಬಂದ ಯುವಕಲಾವಿದರು ತಮ್ಮ ಮೊದಲ ಪ್ರದರ್ಶನವನ್ನು ರಾಜಧಾನಿಯಲ್ಲಿ ಏರ್ಪಡಿಸಲು ಸಾಧ್ಯವಾದದ್ದು ಇಂಥ ಅಂಗಣಗಳಿಂದ.

ಕಟ್ಟಡ ಕಾಲಕ್ರಮದಲ್ಲಿ ಸೊರಗಿತೆಂಬುದು, ಅದಕ್ಕೆ ದುರಸ್ತಿ ಬೇಕಿತ್ತೆಂಬುದು ವಿವಾದಾತೀತ. ವಿವಾದ ಹುಟ್ಟಿದ್ದು ವಿಧಾನದ ಬಗೆಗೆ. 2015ರಲ್ಲಿ ಪ್ರವಾಸಿ ತಾಣಗಳ ದತ್ತು ಯೋಜನೆಯ ಅಡಿಯಲ್ಲಿ ಸರ್ಕಾರವು ತಸ್ವೀರ್ ಪ್ರತಿಷ್ಠಾನದೊಡನೆ ಈ ಚಿತ್ರಶಾಲೆಯ ಕುರಿತು ಒಡಂಬಡಿಕೆ ಮಾಡಿಕೊಂಡಿತು. ಸಾರ್ವಜನಿಕ ಚರ್ಚೆಯಿಲ್ಲದೆ ಸಾರ್ವಜನಿಕ ಸಂಸ್ಥೆಯೊಂದನ್ನು ಖಾಸಗಿ ನಿರ್ವಹಣೆಗೆ ಒಪ್ಪಿಸಲಾಗುತ್ತಿದೆ ಎಂದು ಕಲಾವಿದರು ವೇದಿಕೆ ಕಟ್ಟಿಕೊಂಡು ಪ್ರತಿಭಟಿಸಿದರು. 2016ರಲ್ಲಿ ಆ ಪ್ರಸ್ತಾವ ಬಿದ್ದುಹೋಯಿತು. ಮುಂದೆ ಅದೇ ಪ್ರತಿಷ್ಠಾನದ ಹಿಂದಿದ್ದ ಅಭಿಷೇಕ್ ಪೊದ್ದಾರರು ಸ್ಥಾಪಿಸಿದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವು ಅದೇ ಕಸ್ತೂರಬಾ ರಸ್ತೆಯ ಎದುರುಬದಿಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆಯಿತು. ಇತ್ತ ವೆಂಕಟಪ್ಪ ಚಿತ್ರಶಾಲೆಯ ನವೀಕರಣವನ್ನು ಬ್ರಿಗೇಡ್ ಫೌಂಡೇಶನ್ನಿನ ನೆರವಿನಿಂದ ಕೈಗೊಳ್ಳಲಾಯಿತು.

ಈ ಘಟನಾವಳಿಯಿಂದ ಕಸ್ತೂರಬಾ ರಸ್ತೆ ಎರಡು ಮಾದರಿಗಳು ಮುಖಾಮುಖಿಯಾದ ಅಪೂರ್ವ ಬೀದಿಯಾಯಿತು. ಒಂದು ಬದಿಯಲ್ಲಿ ಉದ್ಯಾನದೊಳಕ್ಕೆ ಸರಿದು ಮರಗಳ ಹಿಂದೆ ಕುಳಿತ ಸರ್ಕಾರಿ ಕಟ್ಟಡಗಳು. ಇನ್ನೊಂದು ಬದಿಯಲ್ಲಿ ನೀರಿನ ತೊಟ್ಟಿಗಳ ಉಕ್ಕಿನ ಹಲಗೆಗಳನ್ನು ನೆನಪಿಸುವ ಹೊರಮೈಯುಳ್ಳ, ರಸ್ತೆಗೆ ಹತ್ತಿರವಾಗಿ ಎದ್ದ ಖಾಸಗಿ ಸಂಗ್ರಹಾಲಯ. ದೃಶ್ಯದ ಮಟ್ಟದಲ್ಲಿ ಹೊಸ ಕಟ್ಟಡವೇ ಬೀದಿಗೆ ಹೆಚ್ಚು ಮುಖಕೊಟ್ಟಿದೆ. ಅದರ ಮಾದರಿ ನಗರದ ತಾರಸಿಗಳ ಮೇಲೆ ದಿನವೂ ಕಾಣುವ ವಸ್ತುವಾದ್ದರಿಂದ ಅದು ಪರಕೀಯವೆನಿಸುವುದಿಲ್ಲ. ಹಳೆಯ ಸರ್ಕಾರಿ ಕಟ್ಟಡಗಳು ಈ ವಿಷಯದಲ್ಲಿ ಹಿಂದುಳಿದಿವೆ ಎಂಬುದನ್ನು ಒಪ್ಪಲೇಬೇಕು.

ಆದರೆ ಬೀದಿಯ ಚಹರೆ ಕಣ್ಣಿಗೆ ಕಾಣುವ ಮುಖವೊಂದೇ ಅಲ್ಲ. ಆ ಬಾಗಿಲನ್ನು ದಾಟುವವರ ಚಹರೆಯೂ ಅದರಲ್ಲಿ ಸೇರಿದೆ. 2015–16ರ ಪ್ರತಿಭಟನೆಯ ಮಹತ್ವ ಇರುವುದು ಇಲ್ಲಿ. ಕಲಾವಿದರು ಖಾಸಗಿ ಹಣವನ್ನು ಕೇವಲ ಹಣವೆಂಬ ಕಾರಣಕ್ಕೆ ತಿರಸ್ಕರಿಸಿದರೆಂದು ಹೇಳಿದರೆ ಅದು ಅರ್ಧಸತ್ಯವಾಗುತ್ತದೆ. ನವೀಕರಣದ ಅನಂತರ ಪ್ರದರ್ಶನಾಂಗಣವನ್ನು ಯಾರು ಹಂಚುತ್ತಾರೆ, ಯಾವ ದರಕ್ಕೆ, ಯಾವ ಮಾನದಂಡದಿಂದ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ರಾಯಚೂರಿನ ಅಥವಾ ಕಾರ್ಕಳದ ಕಲಾವಿದೆಯೊಬ್ಬಳು ಚಿತ್ರಗಳನ್ನು ಹೊತ್ತು ಆಟೋದಿಂದ ಇಳಿಯುವ ಬೀದಿಗೂ, ಆಹ್ವಾನಿತರು ಮಾತ್ರ ಕಾರಿನಿಂದ ಇಳಿಯುವ ಬೀದಿಗೂ ಚಹರೆಯಲ್ಲಿ ವ್ಯತ್ಯಾಸವಿದೆ. ನವೀಕರಣವು ಮೊದಲನೆಯವಳನ್ನು ಹೊರಗಿಟ್ಟರೆ ಪಾದಚಾರಿ ಮಾರ್ಗಕ್ಕೆ ಎಷ್ಟು ಚೆಂದದ ಕಲ್ಲು ಹಾಸಿದರೂ ಬೀದಿ ಬಡವಾಗುತ್ತದೆ.

ಪ್ರತಿಭಟನೆಯ ಮಿತಿಯನ್ನೂ ಗುರುತಿಸಬೇಕು. ಒಡಂಬಡಿಕೆಯನ್ನು ತಡೆದ ಚಳವಳಿಗೆ ಪರ್ಯಾಯವಾದ ಸಾರ್ವಜನಿಕ ನವೀಕರಣ ಯೋಜನೆಯೊಂದನ್ನು ಸರ್ಕಾರದಿಂದ ಬೇಗ ಹೊರಡಿಸಲು ಆಗಲಿಲ್ಲ. ಎದುರುಬದಿಯ ಖಾಸಗಿ ಕಟ್ಟಡ ಮೇಲೇಳುತ್ತಿದ್ದ ವರ್ಷಗಳಲ್ಲಿ ಈ ಬದಿಯ ಕಟ್ಟಡ ದುರಸ್ತಿಗಾಗಿ ಕಾದು ಕುಳಿತಿತ್ತು. ಕೊನೆಗೆ ನೆರವು ಬಂದದ್ದು ಮತ್ತೊಂದು ಖಾಸಗಿ ಮೂಲದಿಂದಲೇ. ಸಾರ್ವಜನಿಕ ಸಂಸ್ಥೆಯ ಒಡೆತನವನ್ನು ಕಾಯ್ದುಕೊಳ್ಳುವುದು ಒಂದು ಕೆಲಸ, ಅದನ್ನು ಚೆನ್ನಾಗಿ ನಡೆಸುವುದು ಇನ್ನೊಂದು ಕೆಲಸ. ಎರಡನೆಯದರಲ್ಲಿ ಸೋತರೆ ಮೊದಲನೆಯದರ ಗೆಲುವು ನಿಲ್ಲುವುದಿಲ್ಲ.

ಕುಮಾರಕೃಪಾ ರಸ್ತೆ: ಬೀದಿಯೇ ಚಿತ್ರಶಾಲೆ

ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆ ಈ ಚರ್ಚೆಗೆ ಬೇರೊಂದು ದಿಕ್ಕನ್ನು ಒದಗಿಸುತ್ತದೆ. ವರ್ಷಕ್ಕೊಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿ, ರಸ್ತೆಯ ಎರಡೂ ಬದಿಗಳಲ್ಲಿ ಕಲಾವಿದರು ತಮ್ಮ ಕೃತಿಗಳನ್ನು ತಾವೇ ಮಾರುತ್ತಾರೆ. ಇಲ್ಲಿ ಕಟ್ಟಡ ನವೀಕರಣಗೊಂಡಿಲ್ಲ. ಆವರಣದ ಗೋಡೆಯೇ ಪ್ರದರ್ಶನದ ಗೋಡೆಯಾಗಿ, ಬೇರ್ಪಡಿಸುವ ಅಂಚು ಸೇರಿಸುವ ಅಂಚಾಗಿ ಒಂದು ದಿನದ ಮಟ್ಟಿಗೆ ಮಾರ್ಪಡುತ್ತದೆ. ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗಿನ ಪಾದಚಾರಿ ಮಾರ್ಗದಲ್ಲಿ ಕಲಾವಿದರು ಚಿತ್ರಗಳನ್ನು ಇರಿಸುವ ವಾಡಿಕೆಗೂ ಇದಕ್ಕೂ ಹೋಲಿಕೆಯಿದೆ.

ಚಿತ್ರಸಂತೆಯಲ್ಲಿ ಕಲೆಯ ಗುಣಮಟ್ಟ ಅಸಮವಾಗಿರುತ್ತದೆ, ಅಲಂಕಾರದ ಚಿತ್ರಗಳೇ ಹೆಚ್ಚು ಮಾರಾಟವಾಗುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ಸಂತೆ ಎಂಬ ಪದದಲ್ಲಿಯೇ ಆ ಒಪ್ಪಿಗೆ ಅಡಗಿದೆ. ಆದರೆ ಚಿತ್ರಶಾಲೆಯ ಮೆಟ್ಟಿಲು ಹತ್ತಲು ಸಂಕೋಚಪಡುವ ಜನ ಬೀದಿಯಲ್ಲಿ ಸಂಕೋಚಪಡುವುದಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿದೆ. 2021ರಲ್ಲಿ ಕೋವಿಡ್ ಕಾರಣ ಸಂತೆ ಅಂತರ್ಜಾಲಕ್ಕೆ ಸರಿದಾಗ ಚಿತ್ರಗಳು ಇದ್ದವು, ಬೀದಿ ಇರಲಿಲ್ಲ. ಸಂತೆಯ ಜೀವ ಎಲ್ಲಿತ್ತೆಂಬುದು ಆಗ ತಿಳಿಯಿತು. ಒಂದು ದಿನದ ಈ ಅನುಭವ ಮುನ್ನೂರ ಅರವತ್ತನಾಲ್ಕು ದಿನಗಳ ಪಾದಚಾರಿ ಮಾರ್ಗವನ್ನು ಏಕೆ ತಿದ್ದಲಿಲ್ಲ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಮಂಗಳೂರಿನ ಸಂದರ್ಭ

ಮಂಗಳೂರಿನ ಬೀದಿಗಳ ಚಹರೆಯನ್ನು ಮೂರು ಸಂಗತಿಗಳು ರೂಪಿಸಿವೆ: ಏರುತಗ್ಗಿನ ನೆಲ, ಮುರಕಲ್ಲಿನ ಗೋಡೆ, ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕೆಂಪು ಮಾಡು ಊರಿನ ಗುರುತಾಯಿತು. ಮಾಡಿನ ಇಳಿಜಾರು ಮುಂದಕ್ಕೆ ಚಾಚಿ ಮಳೆಗಾಲದಲ್ಲಿ ದಾರಿಹೋಕರಿಗೆ ನಿಲ್ಲುವ ಆಸರೆಯನ್ನೂ ಕೊಡುತ್ತಿತ್ತು. ರಸ್ತೆಗಳು ಅಗಲವಾಗಿ ಕಾಂಕ್ರೀಟಿನವಾದಂತೆ ಈ ಆಸರೆ ಮೊದಲು ಮಾಯವಾಯಿತು.

ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವು ಕರ್ನಲ್ ಮಿರಾಜ್‌ಕರ್ ಅವರು ತಾಯಿಯ ಹೆಸರಿನಲ್ಲಿ ಸರ್ಕಾರಕ್ಕೆ ದಾನ ಮಾಡಿದ ಮನೆಯಲ್ಲಿ 1960ರಲ್ಲಿ ಆರಂಭವಾಯಿತು. ಹಡಗನ್ನು ಹೋಲುವ ಈ ಕಟ್ಟಡ ಬಂದರಿನ ಊರಿಗೆ ಒಪ್ಪುವ ಕಲ್ಪನೆ. ಸರ್ಕಾರಿ ಬಸ್ಸು ನಿಲ್ದಾಣ ಹತ್ತಿರದಲ್ಲಿಯೇ ಇದ್ದು ಸಾವಿರಾರು ಪ್ರಯಾಣಿಕರು ದಿನವೂ ಬಂದಿಳಿಯುತ್ತಾರೆ. ಬಸ್ಸಿಗಾಗಿ ಕಾಯುವವನ ಅರ್ಧ ಗಂಟೆಯನ್ನು ಸಂಗ್ರಹಾಲಯ ತನ್ನದಾಗಿಸಿಕೊಳ್ಳಬಲ್ಲುದಾದರೆ ಆ ಬೀದಿಯ ಸ್ವಭಾವವೇ ಬದಲಾದೀತು. ಅಂಥ ನವೀಕರಣಕ್ಕೆ ಕಟ್ಟಡದ ಒಳಗಿನ ಕೆಲಸದಷ್ಟೇ ನಿಲ್ದಾಣದಿಂದ ಬಾಗಿಲಿನವರೆಗಿನ ನೆರಳಿನ ದಾರಿ, ಸ್ಪಷ್ಟವಾದ ಕನ್ನಡ ಮತ್ತು ತುಳು ಫಲಕ, ಗೋಡೆಯ ಬದಲು ಕಟ್ಟೆ ಬೇಕು.

ಬಲ್ಲಾಳ್‌ಬಾಗಿನ ಕೊಡಿಯಾಲಗುತ್ತು ಮನೆಯನ್ನು ಇಂಟ್ಯಾಕ್ ಮಂಗಳೂರು ವಿಭಾಗವು ಕಲಾಕೇಂದ್ರವಾಗಿ ಬಳಸುತ್ತಿರುವುದು ಈ ದಿಕ್ಕಿನ ಅರ್ಥಪೂರ್ಣ ಪ್ರಯತ್ನ. ಗುತ್ತಿನ ಮನೆ ಚಿತ್ರಶಾಲೆಯಾದಾಗ ಚಾವಡಿ, ಅಂಗಳಗಳು ಹೊಸ ಸಭಿಕರನ್ನು ಪಡೆಯುತ್ತವೆ. ಹಿಂದೆ ಅಂತಸ್ತು ನಿರ್ಧರಿಸುತ್ತಿದ್ದ ಪ್ರವೇಶ ಈಗ ಆಸಕ್ತಿಯಿಂದ ನಿರ್ಧಾರವಾಗುತ್ತದೆ. ಸುತ್ತಲೂ ವಸತಿ ಸಮುಚ್ಚಯಗಳು ಎದ್ದಿರುವ ನಗರದಲ್ಲಿ ತಗ್ಗಿನ ಹೆಂಚಿನ ಮಾಡೊಂದು ಉಳಿದಿರುವುದೇ ಬೀದಿಗೆ ಒಂದು ಅಳತೆಗೋಲು. ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಉದಾಹರಣೆಯೂ ಗಮನಾರ್ಹ. ಇಟಲಿಯ ಅಂಟೋನಿಯೊ ಮೊಶ್ಚೇನಿ 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ರಚಿಸಿದ ಚಿತ್ರಗಳನ್ನು ತಜ್ಞರು ಸಂರಕ್ಷಿಸಿದ್ದಾರೆ. ಚಿತ್ರಗಳ ಆಯುಷ್ಯ ಹೆಚ್ಚಿತು. ಗುಡ್ಡದ ಇಳಿಜಾರಿನ ರಸ್ತೆಗೆ ಅವುಗಳ ಸುಳಿವು ಅಷ್ಟಾಗಿ ತಲುಪಿಲ್ಲ.

ಸುರತ್ಕಲ್: ಬಯಲು ಮತ್ತು ಡೇರೆ

ಮಂಗಳೂರು ನಗರದ ಉತ್ತರದ ಭಾಗವಾದ ಸುರತ್ಕಲ್ ಹೆದ್ದಾರಿಯಿಂದ ಸೀಳಿದ ಊರು. ಪಶ್ಚಿಮಕ್ಕೆ ಕಡಲು, ದೀಪಸ್ತಂಭ, ಪೂರ್ವಕ್ಕೆ ಒಳನಾಡು, ನಡುವೆ ರಾಷ್ಟ್ರೀಯ ಹೆದ್ದಾರಿ 66. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ವಿದ್ಯಾಸಂಸ್ಥೆಯ ಆವರಣವನ್ನೂ ಇದೇ ಹೆದ್ದಾರಿ ಎರಡಾಗಿಸಿದೆ. ಬಂದರು ಮತ್ತು ಕೈಗಾರಿಕೆಗಳ ಭಾರವಾಹನಗಳು ಇಲ್ಲಿಯ ಬೀದಿಯ ಮುಖ್ಯ ಪಾತ್ರಧಾರಿಗಳು. ಆದರೂ ಈ ಊರಿನ ಜನ ರಸ್ತೆಯ ವಿಷಯದಲ್ಲಿ ಮೂಕರಾಗಿ ಉಳಿದವರಲ್ಲ. ದೀರ್ಘ ಹೋರಾಟದ ಅನಂತರ 2022ರ ಡಿಸೆಂಬರ್ 1ರಿಂದ ಇಲ್ಲಿಯ ಸುಂಕದ ಕಟ್ಟೆಯಲ್ಲಿ ವಸೂಲಿ ನಿಂತಿತು.

ಕಲೆ ಮತ್ತು ಬೀದಿಯ ಸಂಬಂಧವನ್ನು ಯೋಚಿಸಲು ಸುರತ್ಕಲ್ಲಿಗೆ ತನ್ನದೇ ಆದ ಒಂದು ಪರಂಪರೆಯಿದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಸುರತ್ಕಲ್ ಮೇಳ ಡೇರೆ ಮೇಳವಾಗಿ ಖ್ಯಾತವಾಗಿತ್ತು. ಬಯಲಾಟದಲ್ಲಿ ರಂಗಕ್ಕೂ ದಾರಿಗೂ ನಡುವೆ ಗೋಡೆಯಿಲ್ಲ. ಚೆಂಡೆಯ ಸದ್ದು ಕೇಳಿದವನೆಲ್ಲ ಪ್ರೇಕ್ಷಕ. ಡೇರೆ ಮೇಳ ಬಂದಾಗ ಬಯಲಿಗೆ ಅಂಚು ಬಂತು, ಅಂಚಿಗೆ ಟಿಕೇಟು ಬಂತು. ಕಲಾವಿದರಿಗೆ ಸಂಬಳದ ಭದ್ರತೆ, ಪ್ರಸಂಗಗಳಿಗೆ ಹೊಸತನ, ಅರ್ಥಗಾರಿಕೆಗೆ ಏಕಾಗ್ರ ಪ್ರೇಕ್ಷಕವರ್ಗ ದೊರೆತದ್ದು ಡೇರೆಯ ಲಾಭ. ಹೊರಗೆ ನಿಂತು ಕೇಳುವವನನ್ನು ಹೊರಗೇ ಉಳಿಸಿದ್ದು ಅದರ ನಷ್ಟ. ಆದರೆ ಡೇರೆಯ ಗೋಡೆ ಬಟ್ಟೆಯದು. ಸದ್ದು ಅದನ್ನು ದಾಟಿ ಬೀದಿಗೆ ಬರುತ್ತಿತ್ತು. ಡೇರೆಯ ಹೊರಗೆ ಕಡಲೆ, ಚಹಾದ ಅಂಗಡಿಗಳು ರಾತ್ರಿಯ ಬೀದಿಯನ್ನು ಎಚ್ಚರವಾಗಿರಿಸುತ್ತಿದ್ದವು. ಚಿತ್ರಶಾಲೆಯ ಅಂಚು ಇಂಥದಾಗಿರಬೇಕು. ಕೃತಿಯ ರಕ್ಷಣೆಗೆ, ಕಲಾವಿದನ ಜೀವನಕ್ಕೆ ಬೇಕಾದಷ್ಟು ಮುಚ್ಚಿದ್ದು, ದಾರಿಹೋಕನಿಗೆ ಒಳಗಿನ ಸುಳಿವು ಸಿಗುವಷ್ಟು ತೆರೆದಿರಬೇಕು.

ಭದ್ರತೆಯ ಕಾರಣದಿಂದ ಇದು ಸಾಧ್ಯವಿಲ್ಲವೆಂಬ ಆಕ್ಷೇಪವನ್ನು ಸಂಗ್ರಹಾಲಯದ ಅಧಿಕಾರಿಗಳು ಎತ್ತಬಹುದು. ಬೆಲೆಬಾಳುವ ಕೃತಿಗಳ ಹೊಣೆ ಹೊತ್ತವರ ಆತಂಕ ನ್ಯಾಯವಾದದ್ದೇ. ಆದರೆ ರಕ್ಷಣೆಯ ಗೆರೆಯನ್ನು ರಸ್ತೆಯ ಅಂಚಿನಲ್ಲಿಯೇ ಎಳೆಯಬೇಕೆಂಬ ನಿಯಮವಿಲ್ಲ. ಅದನ್ನು ಕಟ್ಟಡದ ಬಾಗಿಲಿಗೆ ಹಿಂದೆಗೆದುಕೊಂಡರೆ ಅಂಗಳವಿಡೀ ಬೀದಿಗೆ ಸೇರುತ್ತದೆ. ಅಂಗಳದಲ್ಲಿ ಜನವಿದ್ದಷ್ಟೂ ಕಟ್ಟಡ ಸುರಕ್ಷಿತ ಎಂಬುದು ಜೇಕಬ್ಸರ ವಾದದ ಸಾರವೂ ಹೌದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮಾಣಿಕ್ಯವೇಲು ಭವನವು ನವೀಕರಣದಿಂದ ಬೀದಿಯ ಹಸಿರು, ಪ್ರಮಾಣಗಳನ್ನು ಉಳಿಸಬಹುದೆಂಬುದನ್ನೂ, ಗೋಡೆ ಉಳಿದರೆ ಆ ಲಾಭ ಅರ್ಧವಾಗುವುದನ್ನೂ ತೋರಿಸಿದೆ. ಕಸ್ತೂರಬಾ ರಸ್ತೆಯು ನಿರ್ಧಾರದ ವಿಧಾನವೂ ಬೀದಿಯ ಚಹರೆಯ ಅಂಗವೆಂಬುದನ್ನು ಮನಗಾಣಿಸಿದೆ. ಕುಮಾರಕೃಪಾ ರಸ್ತೆಯು ಕಟ್ಟಡವನ್ನು ಮುಟ್ಟದೆಯೇ ಅಂಚನ್ನು ಬದಲಿಸಬಹುದೆಂದು ಸಾಬೀತುಪಡಿಸಿದೆ.

ಆದ್ದರಿಂದ ಸಾರ್ವಜನಿಕ ಚಿತ್ರಶಾಲೆಗಳ ಯಾವುದೇ ನವೀಕರಣ ಯೋಜನೆಯಲ್ಲಿ ಆವರಣದ ಹೊರಗಿನ ಬೀದಿಯನ್ನೂ ನಕ್ಷೆಯೊಳಗೆ ಸೇರಿಸಬೇಕು. ಒಡಂಬಡಿಕೆಯ ಕರಡನ್ನು ಸಹಿಗೆ ಮೊದಲೇ ಪ್ರಕಟಿಸಬೇಕು. ಯುವಕಲಾವಿದರಿಗೆ ಕಡಿಮೆ ದರದ ಅಂಗಣ ಉಳಿಯುವುದೆಂಬ ಖಾತರಿ ಅದರಲ್ಲಿರಬೇಕು. ಈ ಮೂರನ್ನೂ ನೆರವೇರಿಸಲು ಕೋಟಿಗಟ್ಟಲೆ ಹಣ ಬೇಡ. ಮೊದಲನೆಯದಕ್ಕೆ ನಗರಪಾಲಿಕೆ ಮತ್ತು ಸಂಸ್ಕೃತಿ ಇಲಾಖೆಗಳು ಒಂದೇ ಮೇಜಿನ ಮುಂದೆ ಕುಳಿತರೆ ಸಾಕು, ಉಳಿದೆರಡಕ್ಕೆ ಇಚ್ಛೆ ಸಾಕು. ಮುಂದೆ ಸುರತ್ಕಲ್ಲಿನಂಥ ಊರಿನಲ್ಲಿ ಚಿತ್ರಶಾಲೆಯೊಂದನ್ನು ಕಟ್ಟುವ ಅಥವಾ ಹಳೆಯ ಮನೆಯೊಂದನ್ನು ಅದಕ್ಕಾಗಿ ಸಿದ್ಧಪಡಿಸುವ ಸಂದರ್ಭ ಬಂದರೆ ವಾಸ್ತುಶಿಲ್ಪಿಯ ನಕ್ಷೆಯಲ್ಲಿ ಮೊದಲ ಗೆರೆಯನ್ನು ಹೆದ್ದಾರಿಯ ಬದಿಯಲ್ಲಿ ನಡೆಯುವವನ ಹೆಜ್ಜೆಯಿಂದ ಆರಂಭಿಸುವುದು ಯುಕ್ತ.